ಸೂಜಿ ರಿಜಿಸ್ಟರ್ ಖಾಲಿ ಇದ್ದ ಲೈನ್: ಹಾಸನದ ಒಂದು ಗಾರ್ಮೆಂಟ್ಸ್ ಪ್ರಕರಣ

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರಿಗೆಲ್ಲ ಈ ನಿಯಮ ಗೊತ್ತು. ಹೊಲಿಯುವಾಗ ಸೂಜಿ ಮುರಿದರೆ ಟೈಲರ್ ಕೂಡಲೇ ಮಷೀನ್ ನಿಲ್ಲಿಸಬೇಕು. ಸೂಪರ್‌ವೈಸರ್‌ಗೆ ಹೇಳಬೇಕು. ಮುರಿದ ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿ ನೋಡಿ, ಪೂರ್ತಿ ಸೂಜಿ ಸಿಕ್ಕಿತು ಅಂತ ಖಾತ್ರಿಯಾದ ಮೇಲೆ ರಿಜಿಸ್ಟರ್‌ನಲ್ಲಿ ಟೇಪ್ ಹಾಕಿ ಅಂಟಿಸಬೇಕು. ತಾರೀಖು, ಟೈಮು, ಮಷೀನ್ ನಂಬರ್, ಟೈಲರ್ ಸಹಿ. ಇಷ್ಟೆಲ್ಲ ಆದ ಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಮಷೀನ್ ಸುತ್ತ ಇದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ತೆಗೆದು ಮೆಟಲ್ ಡಿಟೆಕ್ಟರ್‌ಗೆ ಹಾಕಬೇಕು. ಮಕ್ಕಳ ಬಟ್ಟೆಯಾದರೆ ಇನ್ನೂ ಬಿಗಿ. ಕಾಲರ್ ಒಳಗೆ ಉಳಿದ ಸೂಜಿ ತುದಿ ಹೋಗಿ ಚುಚ್ಚುವುದು ಒಂದು ಮಗುವಿನ ಕುತ್ತಿಗೆಗೆ.

ಹಾಸನದ ಇಂಡಸ್ಟ್ರಿಯಲ್ ಏರಿಯಾದ ಒಂದು ರಫ್ತು ಕಾರ್ಖಾನೆ. ಅಲ್ಲಿ ಮಕ್ಕಳ ಶರ್ಟ್ ಹೊಲಿಯುವ ಒಂದು ಲೈನ್‌ನಲ್ಲಿ ಈ ರಿಜಿಸ್ಟರ್ ತಿಂಗಳುಗಟ್ಟಲೆ ಹೆಚ್ಚುಕಡಿಮೆ ಖಾಲಿ ಇತ್ತು. ಪಕ್ಕದ ಲೈನ್‌ಗಳ ರಿಜಿಸ್ಟರ್‌ನಲ್ಲಿ ಪುಟ ತುಂಬ ಟೇಪ್. ಇಲ್ಲಿ ಅಪರೂಪಕ್ಕೊಂದು. ತಿಂಗಳ ಮೀಟಿಂಗ್‌ನಲ್ಲಿ ಈ ಲೈನ್ ಸೂಪರ್‌ವೈಸರ್‌ಗೆ ಅದಕ್ಕೇ ಶಭಾಷ್ ಸಿಗುತ್ತಿತ್ತು.

ಇಂಥ ಕಾರ್ಖಾನೆಗಳ ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಈ ಪ್ರಕರಣವನ್ನು ಹತ್ತಿರದಿಂದ ನೋಡಿದ್ದೇನೆ. ಕಾರ್ಖಾನೆಯ ಹೆಸರು, ಜನರ ಹೆಸರು ಬರೆಯುತ್ತಿಲ್ಲ. ಯಾರ ಗುರುತೂ ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಾಯಕತ್ವದ ಅಭ್ಯಾಸ ಅಂದ ಕೂಡಲೇ ಬೆಳಿಗ್ಗೆ ಐದಕ್ಕೆ ಏಳುವುದು, ಗುರಿಗಳ ಪಟ್ಟಿ ಬರೆಯುವುದು ಅಂತ ಶುರು ಮಾಡುವವರು ಬಹಳ ಜನ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆಯೇ ಒಂದು ಅಭ್ಯಾಸ. ಕೆಟ್ಟ ಸುದ್ದಿ ಹೊತ್ತುಕೊಂಡು ಯಾರಾದರೂ ಎದುರಿಗೆ ಬಂದು ನಿಂತಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? ಈ ಲೈನ್‌ನಲ್ಲಿ ಎಲ್ಲ ಕೆಟ್ಟಿದ್ದೂ ಅಲ್ಲೇ, ಆಮೇಲೆ ಸರಿಯಾಗತೊಡಗಿದ್ದೂ ಅಲ್ಲಿಂದಲೇ.

ಏನಾಯಿತು

ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ. ಆ ದಿನಗಳಲ್ಲಿ ಊರಿನ ಮನೆಮನೆಯಲ್ಲೂ ನೆಂಟರು. ಕಾರ್ಖಾನೆಯಲ್ಲಿ ರಜೆ ಕೇಳುವವರು ಜಾಸ್ತಿ. ಅದು ಮುಗಿಯುವ ಹೊತ್ತಿಗೆ ದೀಪಾವಳಿ, ಅದರ ಹಿಂದೆಯೇ ರಾಗಿ ಕುಯ್ಲು. ದುದ್ದ, ಶಾಂತಿಗ್ರಾಮ, ಆಲೂರು, ಅರಕಲಗೂಡು ಕಡೆಯಿಂದ ಬಸ್ಸಿನಲ್ಲಿ ಬರುವ ಹೆಂಗಸರಿಗೆ ಮನೆ ಕೆಲಸ, ಹೊಲದ ಕೆಲಸ, ಕಾರ್ಖಾನೆ ಕೆಲಸ ಮೂರೂ ಒಟ್ಟಿಗೆ ಬೀಳುವ ಸಮಯ ಅದು. ಆರ್ಡರ್ ಹಡಗಿಗೆ ಹೋಗುವ ತಾರೀಖು ಮಾತ್ರ ಅಲ್ಲಾಡುವುದಿಲ್ಲ.

ಅಂಥ ಒಂದು ವಾರದಲ್ಲಿ ಫಿನಿಶಿಂಗ್ ವಿಭಾಗದಲ್ಲಿ ಒಂದು ಪುಟ್ಟ ಶರ್ಟ್ ಮೆಟಲ್ ಡಿಟೆಕ್ಟರ್ ದಾಟುವಾಗ ಅಲಾರಾಂ ಹೊಡೆಯಿತು. ತಿರುಗಿಸಿ ಇನ್ನೊಮ್ಮೆ ಹಾಕಿದರು. ಮತ್ತೆ ಹೊಡೆಯಿತು. ಕಾಲರ್ ಹೊಲಿಗೆ ಬಿಚ್ಚಿದಾಗ ಪಟ್ಟಿಯ ಒಳಗೆ ಸೂಜಿಯ ತುದಿ ಸಿಕ್ಕಿತು. ರಿಜಿಸ್ಟರ್ ತೆಗೆದು ನೋಡಿದರೆ ಆ ಲೈನ್‌ನಲ್ಲಿ ಆ ವಾರ ಸೂಜಿ ಮುರಿದ ದಾಖಲೆಯೇ ಇಲ್ಲ.

ಅಲ್ಲಿಗೆ ಇಡೀ ಲಾಟ್ ನಿಂತಿತು. ಪ್ಯಾಕ್ ಆಗಿದ್ದ ಡಬ್ಬಗಳನ್ನೆಲ್ಲ ಬಿಚ್ಚಿ ಒಂದೊಂದೇ ಶರ್ಟನ್ನು ಮತ್ತೆ ಮಷೀನ್ ದಾಟಿಸಿದರು. ಫಿನಿಶಿಂಗ್‌ನ ಹುಡುಗಿಯರು ರಾತ್ರಿ ಓವರ್‌ಟೈಮ್ ಮಾಡಬೇಕಾಯಿತು. ಬಂಡಲ್ ನಂಬರ್ (ಕತ್ತರಿಸಿದ ಬಟ್ಟೆಯ ಕಟ್ಟಿನ ನಂಬರ್) ಹಿಡಿದು ಹಿಂದಕ್ಕೆ ಹೋದಾಗ ಕಾಲರ್ ಕೂರಿಸುವ ಒಂದು ಮಷೀನ್ ಸಿಕ್ಕಿತು. ಅದರಲ್ಲಿ ಕೂರುವವರು ವರ್ಷಗಳಿಂದ ಅಲ್ಲೇ ಕೆಲಸ ಮಾಡಿದ ಹಿರಿಯ ಹೆಂಗಸು. ಅವರ ಬ್ಯಾಗಿನಲ್ಲಿ ಸೂಜಿಯ ಒಂದು ಪ್ಯಾಕೆಟ್ ಇತ್ತು. ಕಟ್ಟಿನಕೆರೆ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ತಮ್ಮ ದುಡ್ಡಿನಲ್ಲೇ ಕೊಂಡಿದ್ದು.

ಅವರನ್ನು ಬೇರೆ ಕೂರಿಸಿಕೊಂಡು ಕೇಳಿದಾಗ ಹೇಳಿದ್ದು ಇಷ್ಟು: “ರಿಜಿಸ್ಟರ್‌ಗೆ ಅಂತ ಎದ್ರೆ ಕಾಲು ಗಂಟೆ ಹೋಯ್ತದೆ ಮೇಡಂ. ತಿರ್ಗಿ ಬಂದು ಕೂರೋ ಹೊತ್ಗೆ ಪೀಸು ಹಿಂದೆ ಬಿದ್ದಿರ್ತವೆ. ಅಷ್ಟು ಜನದ ಮುಂದೆ ಬೈಸ್ಕೊಳೋದಕ್ಕಿಂತ ನಾನೇ ಸೂಜಿ ತಗೊಳೋದು ವಾಸಿ ಅನ್ನಿಸ್ತು.”

ತುದಿ ಹುಡುಕಲಿಲ್ವಾ ಅಂದರೆ, ಹುಡುಕಿದ್ದರು. ಮಷೀನ್ ನಿಲ್ಲಿಸದೆ, ಯಾರಿಗೂ ಕಾಣದ ಹಾಗೆ, ಕೈಯಲ್ಲಿ ಸವರಿ ನೋಡಿದ್ದರು. ಕೆಳಗೆ ಬಿದ್ದಿರಬೇಕು ಅಂದುಕೊಂಡರು. ಇನ್ನೂ ಕೆಲವರ ಹತ್ತಿರವೂ ಹೀಗೆ ಸ್ವಂತ ಸೂಜಿ ಇತ್ತು ಅಂತ ಆಮೇಲೆ ಗೊತ್ತಾಯಿತು.

ಅಂದರೆ ರಿಜಿಸ್ಟರ್ ಖಾಲಿ ಇದ್ದದ್ದು ಸೂಜಿ ಮುರಿಯದೆ ಇದ್ದುದಕ್ಕಲ್ಲ, ಹೇಳುವವರು ಇಲ್ಲದ್ದಕ್ಕೆ. ಇದು ಹಾಸನದ್ದೊಂದೇ ಕಥೆಯೂ ಅಲ್ಲ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರು ಎಣಿಸಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ಮುಖ್ಯಸ್ಥರಿದ್ದ ತಂಡಗಳಲ್ಲೇ ದಾಖಲಾದ ತಪ್ಪುಗಳು ಜಾಸ್ತಿ. ಆ ನರ್ಸ್‌ಗಳು ಹೆದರದೆ ಹೇಳಿಕೊಳ್ಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ಮುಂದೆ 1999ರಲ್ಲಿ ಒಂದು ತಯಾರಿಕಾ ಕಂಪನಿಯ 51 ತಂಡಗಳ ಬಗ್ಗೆ ಅವರು ಬರೆದ ಅಧ್ಯಯನವೂ ಅದೇ ದಿಕ್ಕಿನದು. ಗೊತ್ತಿಲ್ಲ ಅಂತ ಹೇಳಿದರೆ, ತಪ್ಪಾಯಿತು ಅಂತ ಹೇಳಿದರೆ ಅವಮಾನ ಆಗಲ್ಲ ಅನ್ನುವ ಧೈರ್ಯ ಇರುವ ತಂಡ ಬೇಗ ಕಲಿಯುತ್ತದೆ. ಈ ಮಾತು ತಿಳಿದಿದ್ದರೆ ನಮ್ಮ ಕಾರ್ಖಾನೆಯ ಮೇಲಿನವರು ಖಾಲಿ ರಿಜಿಸ್ಟರ್ ನೋಡಿ ಶಭಾಷ್ ಅನ್ನುತ್ತಿರಲಿಲ್ಲ, ಗಾಬರಿಯಾಗುತ್ತಿದ್ದರು.

ಸೂಪರ್‌ವೈಸರ್ ಯಾರು

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಇಷ್ಟು ಓದಿದ ಮೇಲೆ ಆ ಸೂಪರ್‌ವೈಸರ್ ಒಬ್ಬ ಗಯ್ಯಾಳಿ ಅಂತ ನೀವು ಅಂದುಕೊಂಡಿರಬಹುದು. ಖಂಡಿತ ಅಲ್ಲ.

ಆಕೆಗೆ ಆಗ ಇನ್ನೂ ಮೂವತ್ತಾಗಿರಲಿಲ್ಲ. ಅರಕಲಗೂಡು ಕಡೆಯ ಹಳ್ಳಿ. ಪಿಯುಸಿ ಮುಗಿಸಿ ಹೆಲ್ಪರ್ ಆಗಿ ಸೇರಿದವಳು. ದಾರ ಕತ್ತರಿಸುವುದರಿಂದ ಶುರು ಮಾಡಿ, ಊಟದ ಬಿಡುವಿನಲ್ಲಿ ಖಾಲಿ ಮಷೀನ್ ಮೇಲೆ ಚಿಂದಿ ಬಟ್ಟೆ ಹೊಲಿದು ಕಲಿತಳು. ಕೆಲವೇ ವರ್ಷದಲ್ಲಿ ಆ ಫ್ಲೋರ್‌ನಲ್ಲಿ ಕಾಲರ್ ಕೂರಿಸಲು ಅವಳ ಸಮ ಯಾರೂ ಇಲ್ಲ ಅನ್ನಿಸಿಕೊಂಡಳು. ಶರ್ಟ್‌ನಲ್ಲಿ ಕಾಲರ್ ಕಷ್ಟದ ಕೆಲಸ. ಎರಡು ತುದಿ ಸಮ ಬರಬೇಕು, ಪಟ್ಟಿ ಸುಕ್ಕಾಗಬಾರದು. ಸಣ್ಣ ಮಕ್ಕಳ ಅಳತೆಯಲ್ಲಿ ತಿರುವು ಇನ್ನೂ ಚಿಕ್ಕದು.

ಹಳೆಯ ಸೂಪರ್‌ವೈಸರ್ ಕೆಲಸ ಬಿಟ್ಟಾಗ ಮ್ಯಾನೇಜರ್ ಇವಳನ್ನು ಕರೆದರು. ಶನಿವಾರ ಟೈಲರ್, ಸೋಮವಾರ ಸೂಪರ್‌ವೈಸರ್. ನಡುವೆ ಒಂದು ದಿನದ ತರಬೇತಿಯೂ ಇಲ್ಲ. ಕೈಗೆ ಒಂದು ನೋಟ್‌ಬುಕ್, ತಲೆಯ ಮೇಲೆ ಗಂಟೆ ಗಂಟೆಯ ಟಾರ್ಗೆಟ್ ಬೋರ್ಡ್, ಮುಂದೆ ನಲವತ್ತು ಜನ.

ಬಡ್ತಿ ಕೊಡುವವರು ಇಲ್ಲಿ ಒಂದು ವಿಷಯ ಮರೆಯುತ್ತಾರೆ. ಚೆನ್ನಾಗಿ ಹೊಲಿಯುವುದು ಒಂದು ವಿದ್ಯೆ, ನಲವತ್ತು ಜನರ ಕೈಯಲ್ಲಿ ಚೆನ್ನಾಗಿ ಹೊಲಿಸುವುದು ಇನ್ನೊಂದು. ಮೊದಲನೆಯದು ಬಂದ ಮಾತ್ರಕ್ಕೆ ಎರಡನೆಯದು ತಾನಾಗಿ ಬರುವುದಿಲ್ಲ. ಶಾಲೆ, ಬ್ಯಾಂಕು, ಸಾಫ್ಟ್‌ವೇರ್ ಕಂಪನಿಗಳಲ್ಲೂ ಇದೇ ಕಥೆ ಅಲ್ವಾ? ಕೆಲಸದಲ್ಲಿ ಚುರುಕಾಗಿದ್ದವರನ್ನು ಮೇಲೆ ಕೂರಿಸಿ, ಮಾರನೇ ದಿನದಿಂದ ಫಲ ಕೇಳುತ್ತೇವೆ.

ಅವಳು ಸೂಪರ್‌ವೈಸರ್‌ಗಿರಿಯನ್ನು ತಾನು ಕಂಡವರಿಂದಲೇ ಕಲಿತಳು. ಅವಳು ಕಂಡ ಸೂಪರ್‌ವೈಸರ್‌ಗಳೆಲ್ಲ ಕಿರುಚುತ್ತಿದ್ದರು. ಹಿಂದೆ ಬಿದ್ದ ಟೈಲರ್‌ನ ಎಬ್ಬಿಸಿ ನಿಲ್ಲಿಸುತ್ತಿದ್ದರು. ಇದೇ ಕೆಲಸದ ರೀತಿ ಅಂತ ಅವಳೂ ನಂಬಿದಳು. ಮೊದಮೊದಲು ಬೈದ ದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಅಂತ ಆಮೇಲೆ ಹೇಳಿದಳು. ಬರಬರುತ್ತಾ ಅಭ್ಯಾಸವಾಗಿ ಹೋಯಿತು.

ಊಟದ ಜಾಗವೂ ಬದಲಾಯಿತು. ಮುಂಚೆ ಆರೇಳು ಗೆಳತಿಯರು ಒಟ್ಟಿಗೆ ಕೂತು ಬುತ್ತಿ ಹಂಚಿಕೊಳ್ಳುತ್ತಿದ್ದರು. ಇವಳು ಹತ್ತಿರ ಬಂದರೆ ಈಗ ಮಾತು ನಿಲ್ಲುತ್ತಿತ್ತು. ಒಂದು ದಿನ ನೋಡಿದಳು, ಎರಡು ದಿನ ನೋಡಿದಳು, ಆಮೇಲೆ ಸೂಪರ್‌ವೈಸರ್‌ಗಳ ಟೇಬಲ್‌ಗೆ ಹೋದಳು. “ಅಕ್ಕ” ಅನ್ನುತ್ತಿದ್ದ ಹುಡುಗಿಯರು “ಮೇಡಂ” ಅನ್ನತೊಡಗಿದರು. ಲೈನ್‌ನ ಸುದ್ದಿ ಅವಳ ಕಿವಿಗೆ ಬೀಳುತ್ತಿದ್ದ ಒಂದೇ ದಾರಿ ಅಲ್ಲಿಗೆ ಮುಚ್ಚಿತು.

ಇನ್ನೊಂದು ಅಭ್ಯಾಸ ಇತ್ತು. ಅದನ್ನು ಎಲ್ಲರೂ ಒಳ್ಳೆಯ ಗುಣ ಅಂತಲೇ ಹೊಗಳುತ್ತಿದ್ದರು. ಕಾಲರ್ ಹತ್ತಿರ ಕೆಲಸ ಗುಡ್ಡೆ ಬಿದ್ದರೆ ಅವಳೇ ಮಷೀನ್ ಮೇಲೆ ಕೂತು ಹೊಲಿದುಬಿಡುತ್ತಿದ್ದಳು. ಆ ಗಂಟೆಯ ಟಾರ್ಗೆಟ್ ಮುಟ್ಟುತ್ತಿತ್ತು. ಅವಳು ಕೂತಿರುವಷ್ಟು ಹೊತ್ತು ಲೈನ್ ನೋಡುವವರು ಯಾರೂ ಇರುತ್ತಿರಲಿಲ್ಲ. ಕಾಲರ್ ಕಲಿಯಬೇಕಾದ ಹುಡುಗಿಗೆ ಕಲಿಯುವ ಅವಕಾಶವೂ ತಪ್ಪುತ್ತಿತ್ತು. ತಾನು ಗೆದ್ದ ಕೆಲಸವನ್ನು ಬಿಟ್ಟುಕೊಡುವುದು ಮನುಷ್ಯರಿಗೆ ಬಹಳ ಕಷ್ಟ. ಆ ಮಷೀನ್ ಮೇಲೆ ಕೂತಾಗ ಮಾತ್ರ ಅವಳಿಗೆ ತಾನು ಗಟ್ಟಿ ಅನ್ನಿಸುತ್ತಿತ್ತು.

ಮ್ಯಾನೇಜರ್ ರೂಮಿನಲ್ಲಿ

ಸೂಜಿ ಸಿಕ್ಕ ಮಾರನೇ ದಿನ ಪ್ರೊಡಕ್ಷನ್ ಮ್ಯಾನೇಜರ್ ರೂಮಿನಲ್ಲಿ ಮಾತು ನಡೆಯಿತು. ಟೈಲರ್‌ನ ಕೆಲಸದಿಂದ ತೆಗೆಯಬೇಕು, ಸೂಪರ್‌ವೈಸರ್‌ಗೆ ಎಚ್ಚರಿಕೆ ಪತ್ರ ಕೊಡಬೇಕು ಅನ್ನುವುದು ಅವರ ತೀರ್ಮಾನವಾಗಿತ್ತು. ಎಚ್‌ಆರ್‌ನವರು ನನ್ನನ್ನೂ ಕರೆದಿದ್ದರು.

ಸೂಪರ್‌ವೈಸರ್ ಬಹಳ ಹೊತ್ತು ಸುಮ್ನೆ ನಿಂತಿದ್ದಳು. ಆಮೇಲೆ ಹೇಳಿದಳು: “ಸರ್, ಅವ್ರು ಮುಚ್ಚಿಟ್ಟಿದ್ದು ತಪ್ಪೇ. ಆದ್ರೆ ಹೇಳಕ್ಕೆ ಬಂದಿದ್ರೆ ನಾನು ಏನ್ ಮಾಡ್ತಿದ್ದೆ ಅಂತ ಲೈನ್‌ಗೆಲ್ಲಾ ಗೊತ್ತು. ಹೋದ ತಿಂಗಳು ಇನ್ನೊಬ್ರು ಬಂದು ಹೇಳಿದ್ರು. ಅವ್ರನ್ನ ಎಲ್ಲರ ಮುಂದೆ ನಿಲ್ಲಿಸಿ ಬೈದೆ. ಅವತ್ತಿಂದ ಯಾರೂ ಬಂದಿಲ್ಲ. ಇವ್ರನ್ನ ತೆಗೆದ್ರೆ ಇನ್ಮೇಲೆ ಸೂಜಿ ಇನ್ನೂ ಆಳಕ್ಕೆ ಬಚ್ಚಿಡ್ತಾರೆ ಅಷ್ಟೇ.”

ಇಡೀ ಪ್ರಕರಣದ ತಿರುವು ಇದು ಅಂತ ನನ್ನ ಅಭಿಪ್ರಾಯ. ಯಾವ ತರಬೇತಿಯಿಂದಲೂ ಬಂದ ಮಾತಲ್ಲ ಅದು. ತನ್ನ ಕೆಲಸಕ್ಕೇ ಕುತ್ತು ಬರಬಹುದಾದ ಹೊತ್ತಿನಲ್ಲಿ, ತನಗಿಂತ ಮೇಲಿನವರ ಮುಂದೆ, ತಪ್ಪಿನಲ್ಲಿ ತನ್ನ ಪಾಲು ಎಷ್ಟು ಅಂತ ನೇರವಾಗಿ ಇಟ್ಟಳು. ಟೈಲರ್ ತಪ್ಪನ್ನೂ ಮುಚ್ಚಲಿಲ್ಲ.

ಮ್ಯಾನೇಜರ್ ಕೂಡಲೇ ಒಪ್ಪಲಿಲ್ಲ. ಖರೀದಿದಾರರಿಗೆ ಏನು ಉತ್ತರ ಕೊಡಲಿ ಅಂದರು. ಅವರ ಕಷ್ಟವೂ ನಿಜವೇ. ಕೊನೆಗೆ ಟೈಲರ್‌ಗೆ ಬರಹದಲ್ಲಿ ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡರು. ಒಂದು ವಾರ ಸ್ಟೋರ್ ಬಾಗಿಲ ಪಕ್ಕ ಒಂದು ಡಬ್ಬಿ ಇಟ್ಟರು. ಹೊರಗಿನಿಂದ ತಂದ ಸೂಜಿ ಇದ್ದವರು ಅದಕ್ಕೆ ಹಾಕಬಹುದು, ಯಾರು ಅಂತ ಕೇಳುವುದಿಲ್ಲ. ವಾರದ ಕೊನೆಗೆ ಡಬ್ಬಿ ತೆರೆದಾಗ ಮ್ಯಾನೇಜರ್ ಮುಖ ಸಪ್ಪಗಾಯಿತು. ಬೇರೆ ಲೈನ್‌ಗಳವರೂ ಹಾಕಿದ್ದರು.

ಬದಲಾದ ಅಭ್ಯಾಸಗಳು

ಮುಂದಿನ ತಿಂಗಳುಗಳಲ್ಲಿ ಅವಳೂ ನಾನೂ ಕೂತು ಬಹಳ ಮಾತಾಡಿದೆವು. ಸ್ವಭಾವ ಬದಲಿಸುವ ಮಾತು ನಾನು ಎತ್ತಲಿಲ್ಲ. “ಇನ್ಮೇಲೆ ತಾಳ್ಮೆಯಿಂದ ಇರ್ತೀನಿ” ಅನ್ನುವ ತೀರ್ಮಾನ ಬೆಳಿಗ್ಗೆ ಹನ್ನೊಂದು ಗಂಟೆಯ ಟಾರ್ಗೆಟ್ ಮುಂದೆ ನಿಲ್ಲುವುದಿಲ್ಲ. ಬದಲಿಗೆ, ಇಂಥ ಹೊತ್ತಿನಲ್ಲಿ ಇಂಥ ಮಾತು, ಇಂಥ ಕೆಲಸ ಅಂತ ಗೊತ್ತು ಮಾಡಿಕೊಂಡೆವು.

ಮೊದಲನೆಯದು ಸೂಜಿಯ ವಿಷಯವೇ. ಯಾರಾದರೂ ಏನಾದರೂ ಕೆಟ್ಟಿದೆ ಅಂತ ಹೇಳಲು ಬಂದರೆ ಅವಳ ಮೊದಲ ಮಾತು ಯಾವಾಗಲೂ ಒಂದೇ ಆಗಿರಬೇಕು: “ಹೇಳಿದ್ದು ಒಳ್ಳೇದಾಯ್ತು. ಬಾ, ಎಲ್ಲಿ ತೋರ್ಸು.” ಆಮೇಲೆ ಯಾಕೆ, ಏನು, ಹೇಗೆ ಎಲ್ಲ ಕೇಳಲಿ. ಗಟ್ಟಿಯಾಗಿ ಹೇಳಬೇಕಾದ್ದನ್ನು ಹೇಳಲಿ, ಆದರೆ ಬೇರೆ ಕರೆದುಕೊಂಡು ಹೋಗಿ. ಕೇಳಲು ಎಷ್ಟು ಸಣ್ಣ ವಿಷಯ! ಸಿಟ್ಟು ಬಂದಾಗ ಬಾಯಿಗೆ ಬರುವ ಮೊದಲ ಮಾತನ್ನು ನುಂಗಿ ಇನ್ನೊಂದನ್ನು ಆಡುವುದಕ್ಕೆ ಅವಳು ಪಟ್ಟ ಕಷ್ಟ ನೋಡಿದ್ದೇನೆ. ಎಷ್ಟೋ ಸಲ ತಪ್ಪಿದಳು. ತಪ್ಪಿದ ದಿನ ಸಂಜೆ ಬಸ್ಸಿಗೆ ಹೋಗುವ ಮುಂಚೆ ಆ ಟೈಲರ್ ಹತ್ತಿರ ಹೋಗಿ “ಬೆಳಿಗ್ಗೆ ಜಾಸ್ತಿ ಮಾತಾಡ್ಬಿಟ್ಟೆ ಕಣಕ್ಕ” ಅನ್ನುತ್ತಿದ್ದಳು. ಇದು ನಾನು ಹೇಳಿಕೊಟ್ಟಿದ್ದಲ್ಲ. ನನಗೆ ಅವಳಿಂದ ಕಲಿಯಲು ಸಿಕ್ಕಿದ್ದು.

ಎರಡನೆಯದು ಬೆಳಗಿನ ಸುತ್ತು. ಮುಂಚೆಯೂ ಸುತ್ತುತ್ತಿದ್ದಳು. “ಎಲ್ಲಾ ಸರಿ ಇದ್ಯಾ?” ಅಂತ ಕೇಳುತ್ತಾ ಹೋಗುತ್ತಿದ್ದಳು. ಆ ಪ್ರಶ್ನೆಗೆ ಯಾರಾದರೂ “ಹೂಂ” ಅಂತಲೇ ಹೇಳುವುದು. ಅದರ ಬದಲು “ನಿನ್ನೆ ಯಾವ್ದು ಕಷ್ಟ ಆಯ್ತು?” ಅಂತ ಕೇಳಲು ಶುರು ಮಾಡಿದಳು. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಎರಡನೇ ವಾರ ಒಬ್ಬಳು ಕೂರುವ ಸ್ಟೂಲ್ ಅಲುಗಾಡುತ್ತದೆ ಅಂದಳು. ಅವತ್ತೇ ಮಧ್ಯಾಹ್ನ ಸ್ಟೂಲ್ ಬದಲಾಯಿತು. ಅದನ್ನು ಸುತ್ತಲಿನವರೆಲ್ಲ ನೋಡಿದರು. ಮಾತು ಬರಲು ಶುರುವಾಗಿದ್ದು ಆಮೇಲೆ. ಕೇಳಿ ಏನೂ ಮಾಡದೆ ಬಿಡುವುದಾದರೆ ಕೇಳದೆ ಇರುವುದೇ ಮೇಲು. ಹೇಳಿ ಪ್ರಯೋಜನವಿಲ್ಲ ಅನ್ನುವ ನಂಬಿಕೆ ಬೈಗುಳದಷ್ಟೇ ಗಟ್ಟಿಯಾಗಿ ಬಾಯಿ ಮುಚ್ಚಿಸುತ್ತದೆ.

ಆ ಲೈನ್‌ನಲ್ಲಿ ಒಡಿಶಾ, ಜಾರ್ಖಂಡ್‌ನಿಂದ ಬಂದು ಹಾಸ್ಟೆಲ್‌ನಲ್ಲಿದ್ದ ಕೆಲವು ಹುಡುಗಿಯರೂ ಇದ್ದರು. ಅವರಿಗೆ ಕನ್ನಡ ಅಷ್ಟಕ್ಕಷ್ಟೇ, ಇವಳಿಗೆ ಹಿಂದಿ ಅಷ್ಟಕ್ಕಷ್ಟೇ. ಬೆಳಗಿನ ಪ್ರಶ್ನೆ ಅವರನ್ನು ಮುಟ್ಟುತ್ತಲೇ ಇರಲಿಲ್ಲ. ಇದಕ್ಕೆ ಉಪಾಯ ಹೇಳಿದ್ದು ಒಬ್ಬ ಹೆಲ್ಪರ್. ತೊಂದರೆ ಆದವರು ಮಷೀನಿನ ದಾರದ ಸ್ಟ್ಯಾಂಡ್‌ಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟಲಿ, ಮೇಡಂ ಬರಲಿ. ಕಟಿಂಗ್ ವಿಭಾಗದಲ್ಲಿ ಚಿಂದಿಗೇನು ಬರ! ಮಾರನೇ ದಿನವೇ ಎಲ್ಲ ಮಷೀನ್‌ಗೂ ಒಂದೊಂದು ಚೂರು ಬಂತು.

ಈ ಉಪಾಯಕ್ಕೆ ಒಂದು ದೊಡ್ಡ ಹಿನ್ನೆಲೆ ಇದೆ ಅಂತ ಆ ಹೆಲ್ಪರ್‌ಗೆ ಗೊತ್ತಿರಲಿಲ್ಲ. ಬಿಡದಿಯಲ್ಲಿ ಕಾರು ಮಾಡುವ ಟೊಯೋಟಾ ಕಂಪನಿಯ ಬೇರು ಇರುವುದು ಮಗ್ಗದಲ್ಲಿ. ಜಪಾನಿನ ಸಕಿಚಿ ಟೊಯೋಡಾ 1896ರಲ್ಲಿ ಮಾಡಿದ ಪವರ್‌ಲೂಮ್, ಹೊಕ್ಕಿನ ನೂಲು ಕಡಿದರೆ ತಾನಾಗಿಯೇ ನಿಲ್ಲುತ್ತಿತ್ತು. 1924ರ ಹೊತ್ತಿಗೆ ಬಂದ ಜಿ ಮಾದರಿಯ ಮಗ್ಗ ಹಾಸಿನ ನೂಲು ಕಡಿದರೂ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಗಜಗಟ್ಟಲೆ ನೇಯುವ ಬದಲು ಕೂಡಲೇ ನಿಂತು ಸರಿ ಮಾಡಿಕೊಳ್ಳುವುದು ಲಾಭ. ಮುಂದೆ ಕಾರಿನ ಕಾರ್ಖಾನೆಯಲ್ಲಿ ಅದೇ ಆಲೋಚನೆ ಹಗ್ಗದ ರೂಪಕ್ಕೆ ಬಂತು. ಯಾವ ಕೆಲಸಗಾರ ಬೇಕಾದರೂ ತೊಂದರೆ ಕಂಡರೆ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ಮುಖ್ಯಸ್ಥ ಬರುತ್ತಾನೆ, ಅಷ್ಟರೊಳಗೆ ಸರಿ ಹೋಗದಿದ್ದರೆ ಲೈನ್ ನಿಲ್ಲುತ್ತದೆ. ಹಗ್ಗ ಕಟ್ಟುವುದು ಸುಲಭ. ಎಳೆದವನನ್ನು ಬೈಯದೆ ಇರುವುದು ಕಷ್ಟ. ಎಷ್ಟೋ ಕಂಪನಿಗಳು ಹಗ್ಗ ನಕಲು ಮಾಡಿ ಸೋತಿದ್ದು ಆ ಎರಡನೇ ಕಾರಣಕ್ಕೆ.

ಮೂರನೆಯದು ಅವಳಿಗೆ ಎಲ್ಲಕ್ಕಿಂತ ಕಷ್ಟವಾದ ಅಭ್ಯಾಸ: ಕಾಲರ್ ಮಷೀನ್ ಮೇಲೆ ಕೂರದೆ ಇರುವುದು. ಬದಲಿಗೆ ಇನ್ನಿಬ್ಬರಿಗೆ ಕಾಲರ್ ಕಲಿಸಬೇಕು. ಇದಕ್ಕೆ ಲೆಕ್ಕವನ್ನೇ ಮುಂದಿಟ್ಟೆವು. ಉದಾಹರಣೆಗೆ, ಒಬ್ಬರು ಗಂಟೆಗೆ 35 ಕಾಲರ್ ಕೂರಿಸಬಲ್ಲರು ಅಂದುಕೊಳ್ಳಿ. ಗಂಟೆಗೆ 60 ಶರ್ಟ್ ಬೇಕಾದರೆ ಆ ಜಾಗದಲ್ಲಿ ಇಬ್ಬರು ಇರಲೇಬೇಕು. ಒಬ್ಬರು ರಜೆ ಹಾಕಿದರೆ ಉಳಿದ ಮೂವತ್ತೆಂಟು ಜನ ಎಷ್ಟು ಜೋರಾಗಿ ಹೊಲಿದರೂ ಲೈನ್‌ನಿಂದ ಹೊರಗೆ ಬರುವುದು 35 ಶರ್ಟ್. ಆಗ ತೋಳು ಹೊಲಿಯುವವಳನ್ನು, ಗುಂಡಿ ಹಾಕುವವಳನ್ನು ಬೈದು ಏನು ಬಂತು? ಕಾಲರ್ ಬಲ್ಲವರು ನಾಲ್ಕು ಜನರಿದ್ದರೆ ಜಾತ್ರೆ ಬಂದರೂ ಕುಯ್ಲು ಬಂದರೂ ಲೈನ್ ನಡೆಯುತ್ತದೆ.

ಕಲಿಸಿದ ದಿನಗಳಲ್ಲಿ ಪೀಸ್ ಕಡಿಮೆ ಬಂದವು. ಆಲ್ಟರ್‌ಗೆ, ಅಂದರೆ ಬಿಚ್ಚಿ ಸರಿಮಾಡಲು, ವಾಪಸ್ ಬಂದ ಕಾಲರ್‌ಗಳು ಜಾಸ್ತಿ. ಕೈ ಚಡಪಡಿಸುತ್ತಿತ್ತು, ಎರಡು ನಿಮಿಷದಲ್ಲಿ ನಾನೇ ಹೊಲಿದುಬಿಡ್ತಿದ್ದೆ ಅನ್ನಿಸುತ್ತಿತ್ತು ಅಂತ ಅವಳೇ ಹೇಳಿದಳು.

ನಾಲ್ಕನೆಯದು ಮೇಲಿನವರ ಜೊತೆ ಮಾತಾಡುವ ರೀತಿ. ಇದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಕೆಳಗಿನವರ ಮೇಲೆ ಕಿರುಚುವ ಬಹಳಷ್ಟು ಜನ ಮೇಲಿನಿಂದ ಬಂದದ್ದನ್ನು ಹಾಗೇ ಕೆಳಕ್ಕೆ ದಾಟಿಸುತ್ತಿರುತ್ತಾರೆ, ಅಷ್ಟೇ. ಫ್ಲೋರ್ ಇನ್‌ಚಾರ್ಜ್ ಗಂಟೆಗೊಮ್ಮೆ ಬಂದು “ಯಾಕೆ ಕಮ್ಮಿ?” ಅಂತ ಗದರುತ್ತಿದ್ದರು. ಅವಳ ಹತ್ತಿರ ಉತ್ತರ ಇರುತ್ತಿರಲಿಲ್ಲ. “ಮಾಡಿಸ್ತೀನಿ ಸರ್” ಅನ್ನುತ್ತಿದ್ದಳು. ಅವರು ಆ ಕಡೆ ಹೋದ ಕೂಡಲೇ ಈ ಕಡೆ ತಿರುಗುತ್ತಿದ್ದಳು.

ಹಾಗಾಗಿ ಟಾರ್ಗೆಟ್ ಲೆಕ್ಕ ಹೇಗೆ ಬರುತ್ತದೆ ಅಂತ ಕಲಿತಳು. ಒಂದು ಶರ್ಟ್‌ಗೆ ಲೆಕ್ಕದ ಪ್ರಕಾರ ಬೇಕಾದ ನಿಮಿಷಗಳಿಗೆ ಎಸ್‌ಎಎಂ ಅನ್ನುತ್ತಾರೆ. ಅದು 20 ನಿಮಿಷ, ಲೈನ್‌ನಲ್ಲಿ 40 ಜನ ಅಂದರೆ ಒಂದು ಗಂಟೆಗೆ 2400 ನಿಮಿಷ ಕೈಯಲ್ಲಿದೆ. ಭಾಗಿಸಿದರೆ 120 ಶರ್ಟ್. ಅದು ಕಾಗದದ ಮೇಲಿನ ನೂರಕ್ಕೆ ನೂರು. ಲೈನ್ ಅರ್ಧ ಸಾಮರ್ಥ್ಯದಲ್ಲಿ ಓಡುತ್ತಿದ್ದರೆ 60. ನಾಲ್ಕು ಜನ ರಜೆ ಹಾಕಿದ ದಿನ ಅದೇ ಸಾಮರ್ಥ್ಯಕ್ಕೆ 54. ಈಗ ಇನ್‌ಚಾರ್ಜ್ ಬಂದು ಕೇಳಿದರೆ ಅವಳು ನೋಟ್‌ಬುಕ್ ತೆರೆದು ಹೇಳಬಲ್ಲಳು: “ನಾಲ್ಕು ಜನ ಇಲ್ಲ ಸರ್. ಇವತ್ತಿಗೆ 54. ಕಾಲರ್‌ಗೆ ಒಬ್ಬರನ್ನ ಕೊಟ್ರೆ ಇನ್ನೂ ಬರುತ್ತೆ.”

ಇನ್‌ಚಾರ್ಜ್‌ಗೆ ಇದು ಹಿಡಿಸಲಿಲ್ಲ. ಎದುರು ಮಾತು ಕಲಿತಿದ್ದಾಳೆ ಅಂದರು. ಮ್ಯಾನೇಜರ್‌ಗೆ ಮಾತ್ರ ಆ ನೋಟ್‌ಬುಕ್ ಬೇಕಾಯಿತು. ಯಾವ ಲೈನ್‌ನಲ್ಲಿ ಎಲ್ಲಿ ಕಟ್ಟಿಕೊಂಡಿದೆ ಅನ್ನುವುದು ಅವರಿಗೆ ಬೇರೆ ಯಾರಿಂದಲೂ ಅಷ್ಟು ನಿಖರವಾಗಿ ಸಿಗುತ್ತಿರಲಿಲ್ಲ.

ಪುಟ ತುಂಬಿದಾಗ

ನಿರೀಕ್ಷೆ ಮಾಡಿದ ಹಾಗೇ ಸೂಜಿ ರಿಜಿಸ್ಟರ್ ತುಂಬತೊಡಗಿತು. ಮುಂದಿನ ತಿಂಗಳ ಮೀಟಿಂಗ್‌ನಲ್ಲಿ ಈ ಲೈನ್ ಎಲ್ಲರಿಗಿಂತ ಮುಂದೆ. ಇನ್‌ಚಾರ್ಜ್ ಅದನ್ನೇ ಎತ್ತಿ ಹಿಡಿದರು: ಸಡಿಲ ಬಿಟ್ಟರೆ ಹೀಗೇ ಆಗುವುದು. ಮ್ಯಾನೇಜರ್‌ಗೂ ಅನುಮಾನ ಬಂತು. ಇದು ಇಂಥ ಬದಲಾವಣೆಗಳು ಸಾಯುವ ಹಂತ. ಸಂಖ್ಯೆ ಏರಿದ್ದು ನೋಡಿ ಹೆದರಿ ಹಳೆಯ ದಾರಿಗೆ ಮರಳಿದವರನ್ನು ಬೇರೆ ಕಡೆ ನೋಡಿದ್ದೇನೆ. ಇಲ್ಲಿ ಹಾಗಾಗಲಿಲ್ಲ, ಯಾಕೆಂದರೆ ಆ ಪುಟಗಳು ಏನನ್ನೋ ಹೇಳುತ್ತಿದ್ದವು.

ಮುರಿದ ಸೂಜಿಗಳಲ್ಲಿ ಬಹುಪಾಲು ಎರಡೇ ಮಷೀನ್‌ಗಳದ್ದು. ಎರಡೂ ಕಾಲರ್ ಪಟ್ಟಿಯ ತುದಿ ಹೊಲಿಯುವಂಥವು. ಆ ಜಾಗದಲ್ಲಿ ಬಟ್ಟೆ, ಒಳಗಿನ ಗಟ್ಟಿ ಪದರ, ಮಡಿಕೆ ಎಲ್ಲ ಸೇರಿ ದಪ್ಪ. ಮೆಕ್ಯಾನಿಕ್ ಬಂದು ನೋಡಿದಾಗ ಒಂದು ಮಷೀನಿನ ಸೂಜಿ ತಟ್ಟೆಯ ತೂತಿನ ಅಂಚು ಒರಟಾಗಿತ್ತು, ಸೂಜಿ ಅದಕ್ಕೆ ತಾಗುತ್ತಿತ್ತು. ಇನ್ನೊಂದರಲ್ಲಿ ಆ ದಪ್ಪಕ್ಕೆ ತಕ್ಕದ್ದಲ್ಲದ ಸಣ್ಣ ಸೂಜಿ ಹಾಕಿದ್ದರು. ಜೊತೆಗೆ ಟೈಲರ್‌ಗಳು ಟಾರ್ಗೆಟ್ ಹಿಡಿಯುವ ಅವಸರದಲ್ಲಿ ಬಟ್ಟೆಯನ್ನು ಹಿಂದಿನಿಂದ ಎಳೆಯುತ್ತಿದ್ದರು. ಎಳೆದರೆ ಸೂಜಿ ಬಾಗುತ್ತದೆ, ಬಾಗಿದ ಸೂಜಿ ತಟ್ಟೆಗೆ ಬಡಿದು ಮುರಿಯುತ್ತದೆ.

ತಟ್ಟೆ ಬದಲಿಸಿದರು. ಸೂಜಿಯ ನಂಬರ್ ಬದಲಿಸಿದರು. ಎಳೆಯದೆ ಹೊಲಿಯುವುದನ್ನು ಸೂಪರ್‌ವೈಸರ್ ಪಕ್ಕ ನಿಂತು ತೋರಿಸಿದಳು. ಅವಳ ಕೈಚಳಕ ನಿಜವಾಗಿ ಕೆಲಸಕ್ಕೆ ಬಂದಿದ್ದು ಆಗ. ರಿಜಿಸ್ಟರ್‌ನಲ್ಲಿ ಟೇಪ್ ಮತ್ತೆ ಕಡಿಮೆಯಾಯಿತು. ಹಿಂದಿನ ಖಾಲಿತನಕ್ಕೂ ಇದಕ್ಕೂ ವ್ಯತ್ಯಾಸ ಏನು ಅಂತ ಯಾರೂ ವಿವರಿಸಬೇಕಾಗಲಿಲ್ಲ. ಈ ದೋಷಗಳೆಲ್ಲ ಮೊದಲಿಂದಲೂ ಅಲ್ಲೇ ಇದ್ದವು. ಹಿರಿಯ ಟೈಲರ್ ತಮ್ಮ ದುಡ್ಡಿನ ಸೂಜಿಯನ್ನು ಒಂದಾದ ಮೇಲೊಂದು ಮುರಿಯುತ್ತಾ, ಮಷೀನಿನ ದೋಷವನ್ನು ತಮ್ಮ ಕೈಯ ದೋಷ ಅಂತ ತಿಳಿದು ಕೂತಿದ್ದರು.

ಇನ್ನೂ ಉಳಿದಿದ್ದು

ಎಲ್ಲ ಸುಖಾಂತ್ಯ ಆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮೃದುವಾದ ಸೂಪರ್‌ವೈಸರ್ ಸಿಕ್ಕಳು ಅಂತ ಕೆಲಸದಲ್ಲಿ ಸಡಿಲ ಬಿಟ್ಟವರೂ ಇದ್ದರು. ಒಬ್ಬಳ ಜೊತೆ ಅವಳು ಹಲವು ಸಲ ಬೇರೆ ಕೂತು ಮಾತಾಡಿ, ಕೊನೆಗೆ ಬರಹದಲ್ಲಿ ಎಚ್ಚರಿಕೆ ಕೊಡಿಸಬೇಕಾಯಿತು. ಹಳೆಯ ಗೆಳತಿಯರ ಊಟದ ಗುಂಪಿಗೆ ಮತ್ತೆ ಹೋಗಿ ಕೂತಳು. ಮಾತು ಮುಂಚಿನಂತೆ ಹರಿಯಲಿಲ್ಲ. ರಜೆ, ಓವರ್‌ಟೈಮ್ ತೀರ್ಮಾನ ಮಾಡುವವಳ ಮುಂದೆ ಅಷ್ಟು ಬಿಚ್ಚಿ ಮಾತಾಡಲು ಯಾರಿಗಾದರೂ ಅಳುಕು ಇದ್ದೇ ಇರುತ್ತದೆ. ಆ ದೂರವನ್ನು ಒಪ್ಪಿಕೊಂಡೂ ನ್ಯಾಯವಾಗಿ ಇರಬಹುದು ಅಂತ ಅವಳು ಕಂಡುಕೊಂಡಿದ್ದಾಳೆ.

ಆ ಹಿರಿಯ ಟೈಲರ್ ಕೆಲವು ತಿಂಗಳ ನಂತರ ಕೆಲಸ ಬಿಟ್ಟರು. ಕಾರಣ ಸೂಜಿಯಲ್ಲ, ಸಂಬಳ. ಇದನ್ನೂ ಹೇಳಬೇಕು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಅನ್ನುವ ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಮಾಡಿದ್ದಾರೆ. ಮಾತುಕತೆ, ಸಮಯ ನಿರ್ವಹಣೆ, ತೊಂದರೆ ಬಿಡಿಸಿಕೊಳ್ಳುವುದು ಇಂಥದ್ದನ್ನು ಹೆಂಗಸರಿಗೆ ಕೆಲಸದ ಜಾಗದಲ್ಲೇ ಕಲಿಸಿದಾಗ ಅವರ ಉತ್ಪಾದನೆ ಏರಿತು. ಕಂಪನಿಗೆ ಹಾಕಿದ ದುಡ್ಡಿನ ಎರಡು ಪಟ್ಟಿಗಿಂತ ಜಾಸ್ತಿ ಲಾಭ ಬಂತು. ಅವರ ಸಂಬಳ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ತರಬೇತಿಗೆ ಖರ್ಚು ಮಾಡಲು ಹಿಂಜರಿಯುವ ಕಂಪನಿಗಳಿಗೆ ನಾನು ಈ ಅಧ್ಯಯನದ ಮೊದಲ ಅರ್ಧ ಹೇಳುತ್ತೇನೆ, ಎರಡನೇ ಅರ್ಧವನ್ನೂ ಬಿಡದೆ ಹೇಳುತ್ತೇನೆ. ಒಳ್ಳೆಯ ಸೂಪರ್‌ವೈಸರ್ ಬಂದ ಮಾತ್ರಕ್ಕೆ ಕಡಿಮೆ ಸಂಬಳ ನ್ಯಾಯ ಆಗಿಬಿಡುವುದಿಲ್ಲ. ಬೆವರಿನಿಂದ ಬಂದ ಲಾಭದಲ್ಲಿ ಬೆವರಿಗೂ ಪಾಲು ಇರಬೇಕು.

ಹೆಸರು ಬರೆದು ನಾಚಿಸುವ ಟಾರ್ಗೆಟ್ ಬೋರ್ಡ್ ಬೇರೆ ಲೈನ್‌ಗಳಲ್ಲಿ ಇನ್ನೂ ಇದೆ. ಈ ಲೈನ್‌ನಲ್ಲಿ ಅದರ ಮೇಲೆ ಟೈಲರ್ ಹೆಸರಿನ ಬದಲು ತೊಂದರೆಯ ಕಾರಣ ಬರೆಯುತ್ತಾರೆ: ಸೂಜಿ, ಬಂಡಲ್ ತಡ, ಒಬ್ಬರು ರಜೆ. ಬೇರೆ ಲೈನ್‌ಗಳಿಗೂ ಇದನ್ನು ತರಲು ಮ್ಯಾನೇಜರ್‌ಗೆ ಮನಸ್ಸಿದೆ, ಇನ್‌ಚಾರ್ಜ್‌ಗೆ ಇಲ್ಲ.

ಈಚೆಗೆ ಕಾರ್ಖಾನೆ ಒಂದು ವಿಷಯಕ್ಕೆ ಒಪ್ಪಿದೆ. ಟೈಲರ್‌ನಿಂದ ಸೂಪರ್‌ವೈಸರ್ ಆಗುವವರು ಇನ್ನು ಮುಂದೆ ಎರಡು ವಾರ, ಸಂಬಳ ಕಡಿತವಾಗದೆ, ಬೇರೊಬ್ಬ ಸೂಪರ್‌ವೈಸರ್ ಜೊತೆ ಓಡಾಡಿ ಕಲಿಯಬೇಕು. ಮೊದಲ ತಂಡದಲ್ಲಿ ಮೂವರು ಹೆಂಗಸರಿದ್ದಾರೆ. ಅವರನ್ನು ಕಳಿಸಿರುವುದು ಈ ಲೈನ್‌ಗೇ. ಒಬ್ಬಳು ಮೊದಲ ದಿನವೇ ನೇರವಾಗಿ ಕೇಳಿದಳಂತೆ: “ಬೈಯ್ಯದೆ ಹೋದ್ರೆ ಮಾತು ಕೇಳ್ತಾರಾ ಅಕ್ಕ?” ನಮ್ಮ ಸೂಪರ್‌ವೈಸರ್ ಉತ್ತರ ಹೇಳಲಿಲ್ಲ. ಬೆಳಗಿನ ಸುತ್ತಿಗೆ ಜೊತೆಗೆ ಬಾ ಅಂದಳು.